ಹಿಂದೆ ಕೂತವರು

ಮೊನ್ನೆ ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿದ್ದವನೊಬ್ಬ ತನ್ನ ಜೊತೆಯವನಿಗೆ, "ಆ ಹುಚ್ಚು ಡ್ರೈವರ್ ತೀರ್ಕಂಡನಂತೆ ಕಣಲೇ, ಕಟ್ಕಂಡ ಹೆಂಡ್ತೀನೇ ಗುರ್ತು ಹಿಡೀತಿರ್ಲಿಲ್ವಲ್ಲ, ಅವನು" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಗ್ಲಾಸು ಕೆಳಗಿಟ್ಟು, ಆ ಮನುಷ್ಯರ ಸುದ್ದಿ ಎತ್ತುವುದಾದರೆ ಎದ್ದು ನಿಂತು ಎತ್ತು ಎಂದೆ. ಈ ಮುದುಕನಿಗೆ ಏನೋ ಆಗಿದೆ ಅಂದುಕೊಂಡು ಅವನು ಬೆಂಚಿನ ಆಚೆ ತುದಿಗೆ ಸರಿದ.

ಅವನಿಗೇನು ಗೊತ್ತು ಪಾಪ. ಊರವರು ಅಂದದ್ದನ್ನು ಕೇಳಿದ್ದ, ಅಂದ. ಗೊತ್ತಿರುವವನು ನಾನು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದ ಕಾಲದ ಮುಕ್ಕಾಲು ಪಾಲನ್ನು ಅವರ ಬೆನ್ನ ಹಿಂದೆ ಟಿಕೆಟ್ ಹರಿಯುತ್ತ ಕಳೆದವನು. ನಾನು ಬಾಯಿ ಬಿಡದಿದ್ದರೆ 'ಹುಚ್ಚು ಡ್ರೈವರ್' ಅನ್ನುವುದೇ ಊರಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಹೆಸರು ಹಾಕುವುದಿಲ್ಲ. ನಮ್ಮ ರೂಟಿನಲ್ಲಿ ಅವರಿಗೆ ಹೆಸರು ಅಂತ ಇದ್ದದ್ದು ಲೈಸೆನ್ಸಿನಲ್ಲಿ ಮಾತ್ರ. ಮಿಕ್ಕಂತೆ ಚಳ್ಳಕೆರೆಯಿಂದ ದೇವಸಮುದ್ರದವರೆಗೆ ಹಣ್ಣು ಹಣ್ಣು ಮುದುಕಿಯರಿಗೂ ಅವರು ಡ್ರೈವರಣ್ಣನೇ. ಗಿಡ್ಡ ಆಳು, ಕುತ್ತಿಗೆ ದಪ್ಪ, ಹೆಗಲ ಮೇಲೆ ಒಂದು ಚೌಕುಳಿ ಟವೆಲ್ಲು. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಚಪ್ಪಲಿ ಬಿಟ್ಟು ಸೀಟಿನ ಕೆಳಗೆ ತಳ್ಳುತ್ತಿದ್ದರು. ಟವೆಲ್ಲಿನಿಂದ ಸ್ಟೇರಿಂಗ್ ಒರೆಸುತ್ತಿದ್ದರು. ಬರಿಗಾಲಲ್ಲಿ ಓಡಿಸುವುದು ಯಾಕೆ ಅಂತ ಕೇಳಿದರೆ, ಚಪ್ಪಲಿ ಹಾಕ್ಕಂಡ್ರೆ ಬ್ರೇಕು ಏನು ಹೇಳ್ತೈತೆ ಅಂತ ಕೇಳಿಸಲ್ಲ ಅನ್ನುವರು.

ಆ ಬಸ್ಸು ಬೆಳಿಗ್ಗೆ ಚಳ್ಳಕೆರೆ ಬಿಟ್ಟರೆ ತಳಕು, ಕೊಂಡ್ಲಹಳ್ಳಿ, ಮೊಳಕಾಲ್ಮುರು ಹಾಯ್ದು ದೇವಸಮುದ್ರ ಮುಟ್ಟುತ್ತಿತ್ತು. ಶೇಂಗಾ ಚೀಲ, ಸೀರೆ ಗಂಟು, ಒಮ್ಮೊಮ್ಮೆ ಕಾಲು ಕಟ್ಟಿದ ಕುರಿಮರಿ, ಇವುಗಳ ನಡುವೆ ಜನ. ಡ್ರೈವರಣ್ಣ ಹಿಂದಕ್ಕೆ ತಿರುಗಿ ನೋಡುವವರಲ್ಲ. ಆದರೆ ಹಿಂದೆ ಯಾರು ಹತ್ತಿದರು, ಯಾರು ಇಳಿದರು, ಯಾರ ಮನೆಯಲ್ಲಿ ಏನು ನಡೆದಿದೆ ಅನ್ನುವುದೆಲ್ಲ ಅವರಿಗೆ ಗೊತ್ತು. ಕೊಂಡ್ಲಹಳ್ಳಿಯಲ್ಲಿ ಯಾವಳೋ ಹತ್ತಿ "ಉಸ್ಸಪ್ಪಾ" ಅಂದರೆ ಸಾಕು, ರಸ್ತೆ ಮೇಲೆ ಕಣ್ಣಿಟ್ಟುಕೊಂಡೇ, "ಯಾಕವ್ವಾ, ಮೊಮ್ಮಗಳಿಗೆ ಜ್ವರ ಬಿಡ್ತಾ?" ಅಂತ ಕೇಳುವರು. ಆ ಅವ್ವನೇ ಮಾರನೆಯ ದಿನ ಚಳ್ಳಕೆರೆಯ ಸಂತೆಯಲ್ಲಿ ಎದುರಿಗೆ ಬಂದು ನಕ್ಕರೆ ಇವರಿಗೆ ಗುರುತೇ ಹತ್ತುತ್ತಿರಲಿಲ್ಲ. ಅವಳು ಬಾಯಿ ಬಿಟ್ಟು ಮಾತಾಡಬೇಕು, ಆಗ "ಓ, ನೀನಾ" ಅನ್ನುವರು. ಅವರಿಗೆ ಮನುಷ್ಯರೆಂದರೆ ದನಿ.

ಇನ್ನೊಂದು ಅವರ ಕಟ್ಟುನಿಟ್ಟು ಹೆಂಗಸರ ಸೀಟಿನದು. ಮುಂದಿನ ಎರಡು ಸಾಲು ಹೆಂಗಸರಿಗೆ. ಅಲ್ಲಿ ಗಂಡಸು ಕೂತು, ಹೆಂಗಸು ನಿಂತಿದ್ದರೆ ಇವರು ಜಗಳ ಮಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿ ಕೈ ಕಟ್ಟಿ ಕೂತುಬಿಡುವರು. ಕೇಳಿದರೆ, "ಎಂಜಿನ್ ಬಿಸಿಯಾಗೈತೆ, ಆರ್ಲಿ" ಅನ್ನುವರು. ಇಡೀ ಬಸ್ಸು ಆ ಗಂಡಸಿನ ಮೇಲೆ ಬಿದ್ದು, ಅವನು ಎದ್ದ ಮೇಲೆ ಎಂಜಿನ್ ತಾನಾಗಿಯೇ ಆರುತ್ತಿತ್ತು. ಒಮ್ಮೆ ಹಾಗೆ ಕೂತವನು ನಮ್ಮ ಬಸ್ಸಿನ ಸಾಹುಕಾರರ ಭಾಮೈದನೇ. ನಾನು ಹೆದರಿ, ಅಣ್ಣಾ ಇವರು ಯಾರು ಗೊತ್ತಾ ಅಂತ ಪಿಸುಗುಟ್ಟಿದೆ. ಗೊತ್ತು, ಗಂಡಸು ಅಂದರು.

ಆ ಸಾಹುಕಾರರೇ ಒಮ್ಮೆ ಬ್ರೇಕಿಗೆ ಕಡಿಮೆ ದರದ ಸಾಮಾನು ತಂದು ಹಾಕಿಸಿದ್ದರು. ಡಬ್ಬಿಯ ಮೇಲಿನ ಚಿತ್ರ, ಅಕ್ಷರ ಎಲ್ಲ ಅಸಲಿಯದ್ದೇ. ಡ್ರೈವರಣ್ಣ ಬಸ್ ಸ್ಟ್ಯಾಂಡ್ ಬಿಟ್ಟು ಎಣ್ಣೆ ಮಿಲ್ಲಿನವರೆಗೆ ಹೋಗಿ, ಬೇವಿನ ಮರದ ಕೆಳಗೆ ನಿಲ್ಲಿಸಿ ಇಳಿದರು. "ಡೂಪ್ಲಿಕೇಟು. ನಾನು ಓಡ್ಸಲ್ಲ. ನನ್ನ ಹಿಂದೆ ಕೂತೋರು ನನ್ನೋರು" ಅಂದರು. ಸಾಹುಕಾರರು ಬಂದು ಕೂಗಾಡಿದರು, ಕೆಲಸದಿಂದ ತೆಗೆಯುತ್ತೇನೆ ಅಂದರು. ಇವರು ಮರದ ಬುಡದಲ್ಲಿ ಟವೆಲ್ ಹಾಸಿ ಕೂತೇ ಇದ್ದರು. ಕೊನೆಗೆ ಬಿಚ್ಚಿಸಿ ಅಸಲಿ ಸಾಮಾನು ಹಾಕಿಸಿದ ಮೇಲೆಯೇ ಬಸ್ಸು ಕದಲಿದ್ದು. ಆಮೇಲೆ ಗ್ಯಾರೇಜಿನವರು ಯಾವ ಸಾಮಾನು ಬಂದರೂ ಇವರ ಕೈಗೆ ಕೊಟ್ಟು ಅಸಲಿಯೋ ಡೂಪ್ಲಿಕೇಟೋ ಅಂತ ಕೇಳುವರು. ಆ ಪದ ಮುಂದೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು.

ಅತ್ತಿಗೆಯ ವಿಷಯ ಹೇಳಬೇಕು. ಅವರ ಹೆಂಡತಿ, ನನಗೆ ಅತ್ತಿಗೆ. ತವರು ರಾಯದುರ್ಗದ ಕಡೆ, ಮನೆಮಾತು ತೆಲುಗು. ಮಕ್ಕಳಿರಲಿಲ್ಲ. ಡ್ರೈವರಣ್ಣ ಅವರನ್ನು ರೇಗಿಸಲೆಂದೇ ತೆಲುಗಿನಲ್ಲಿ "ಏಮೇ", ಅಂದರೆ ಏನೇ, ಅಂತ ಕರೆಯುವರು; ಅದೇ ಅವರಿಬ್ಬರ ನಡುವಿನ ಹೆಸರಾಗಿ ಉಳಿಯಿತು. ತವರಿಗೆ ಹೋಗುವಾಗ ಅತ್ತಿಗೆ ಮೊಳಕಾಲ್ಮುರಿನವರೆಗೆ ನಮ್ಮ ಬಸ್ಸಿನಲ್ಲೇ ಬರುವರು. ಕೂರುವುದು ಹೆಂಗಸರ ಸೀಟಿನ ಮೊದಲ ಸಾಲಿನಲ್ಲಿ. ಮೊಳಕಾಲ್ಮುರು ಹತ್ತಿರವಾಗುತ್ತ ಗುಡ್ಡದ ಮಗ್ಗುಲಲ್ಲಿ ಒಂದು ತಿರುವಿದೆ. ಅಲ್ಲಿ ಬಸ್ಸು ಎಷ್ಟೇ ಮೆಲ್ಲಗೆ ಹೋಗುತ್ತಿರಲಿ, ಅತ್ತಿಗೆಯ ಬಾಯಿಂದ "ನಿದಾನಂ, ನಿದಾನಂ" ಅಂತ ಬರಲೇಬೇಕು. "ನೋಡಲೇ ಕಂಡಕ್ಟ್ರಾ, ಹಿಂದೆ ಕೂತು ಸ್ಟೇರಿಂಗ್ ತಿರುಗುಸ್ತಾಳೆ" ಅಂತ ಡ್ರೈವರಣ್ಣ ನಗುವರು. ಬಸ್ಸಿನವರೆಲ್ಲ ನಗುವರು. ಆ ತಿರುವಿಗೆ ನಾವು ನಿದಾನಂ ತಿರುವು ಅಂತಲೇ ಹೆಸರಿಟ್ಟಿದ್ದೆವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದೇವಸಮುದ್ರದಲ್ಲಿ ದಿನ ಬಿಟ್ಟು ದಿನ ನಮ್ಮದು ನೈಟ್ ಹಾಲ್ಟ್. ನಾನು ಬಸ್ಸಿನ ಒಳಗೆ ಮಲಗಿದರೆ, ಸೆಕೆ ಅಂತ ಅವರು ಬಸ್ಸಿನ ಪಕ್ಕ ನೆಲದ ಮೇಲೆ ಚಾಪೆ ಹಾಸುವರು. ಒಂದು ಬೆಳಿಗ್ಗೆ ನಾನು ಮುಖ ತೊಳೆದು ಬಂದಾಗ ಎದ್ದು ಕೂತಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಇನ್ನೂ ನಿದ್ದೆ ಬಿಟ್ಟಿಲ್ವಾ ಅಣ್ಣಾ ಅಂತ ತಮಾಷೆ ಮಾಡಿದೆ. "ರೆಪ್ಪೆ ಎತ್ತಾಕೆ ಬರ್ತಿಲ್ಲ ಕಣಲೇ. ಇವತ್ತು ನಾನು ಓಡ್ಸಲ್ಲ, ಹಿಂದೆ ಕೂತೋರಿಗೆ ಅನ್ಯಾಯ ಆಗ್ತೈತೆ" ಅಂದರು. ಅಷ್ಟು ಹೇಳುವಷ್ಟರಲ್ಲಿ ನಾಲಿಗೆ ತೊದಲಿತು. ಹಿಮ್ಮಡಿಯ ಹತ್ತಿರ ಸೂಜಿ ಚುಚ್ಚಿದಂಥ ಎರಡು ಗುರುತು ಕಂಡವು. ಹಾವು. ತನ್ನ ಜೀವ ಹೋಗುತ್ತಿರುವಾಗಲೂ ಆ ಮನುಷ್ಯನ ಬಾಯಲ್ಲಿ ಬಂದದ್ದು ಹಿಂದೆ ಕೂತವರ ಚಿಂತೆ. ಇದನ್ನು ನೆನೆದರೆ ನನ್ನ ಎದೆ ಈಗಲೂ ಉಬ್ಬುತ್ತದೆ.

ಜೀಪಿನಲ್ಲಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಅಲ್ಲಿ ಸೇರುವ ಹೊತ್ತಿಗೆ ಉಸಿರೇ ನಿಲ್ಲುತ್ತ ಬಂದಿತ್ತು. ಗಂಟಲಿಗೆ ಕೊಳವೆ ಇಳಿಸಿ ಮಿಷನ್ನಿಗೆ ಹಾಕಿದರು. ವಿಷ ಇಳಿದು ಅವರ ಎದೆ ತಾನಾಗಿ ಏಳುವವರೆಗೆ ಆ ಮಿಷನ್ನೇ ಅವರ ಬದಲು ಉಸಿರಾಡಬೇಕು ಅಂತ ಡಾಕ್ಟರು ಹೇಳಿದರು. ಅತ್ತಿಗೆ ಹೊರಗಿನ ಜಗಲಿಯಲ್ಲಿ ಗಂಡನ ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂತಿರುವರು. ಬಸ್ಸು ದೇವಸಮುದ್ರದಲ್ಲಿ ಹಾಲ್ಟ್ ಆದ ದಿನವೆಲ್ಲ ನಾನು ಅಲ್ಲಿಂದ ಹೇಗೋ ಮಾಡಿ ಬಳ್ಳಾರಿಗೆ ಹೋಗಿ ನೋಡಿ ಬರುತ್ತಿದ್ದೆ. ಮಿಷನ್ನಿನಲ್ಲಿದ್ದಾಗಲೇ ಮತ್ತೊಂದು ಪೆಟ್ಟು ಬಿತ್ತು. ಮಿದುಳಿನ ಬಲಭಾಗದ ಒಂದು ರಕ್ತನಾಳ ಕಟ್ಟಿಕೊಂಡಿತು, ಸ್ಟ್ರೋಕು. ಎಡಗೈ ಎಡಗಾಲಿನ ಶಕ್ತಿ ಸ್ವಲ್ಪ ಹೋಯಿತು. ಆದರೂ ಜೀವ ಉಳಿಯಿತು. ಮಿಷನ್ನು ತೆಗೆದ ದಿನ ಆ ಡಾಕ್ಟರೇ ಹೊರಗೆ ಬಂದು ಅತ್ತಿಗೆಗೆ ಕೈ ಮುಗಿದು, ನಿಮ್ಮ ಯಜಮಾನರು ಗಟ್ಟಿ ಆಳು ಕಣಮ್ಮ ಅಂದರು.

ಮೊದಲು ಒಳಗೆ ಹೋದದ್ದು ನಾನು. "ಲೇ ಕಂಡಕ್ಟ್ರಾ, ಬಸ್ಸು ಯಾರು ಓಡ್ಸ್ತವ್ರೆ?" ಅಂತ ಕೇಳಿದರು. ಗಂಟಲು ಒಡೆದಿತ್ತು, ಆದರೆ ಆಳು ಅವರೇ. ನಾನು ಅಳುತ್ತ ನಗುತ್ತ ಅತ್ತಿಗೆಯನ್ನು ಕರೆದೆ. ಅತ್ತಿಗೆ ಬಂದು ಮಂಚದ ಪಕ್ಕ ನಿಂತರು. ಡ್ರೈವರಣ್ಣ ಬಹಳ ಹೊತ್ತು ಅವರ ಮುಖ ನೋಡಿದರು. ಆಮೇಲೆ ಕಷ್ಟಪಟ್ಟು ಎರಡೂ ಕೈ ಸೇರಿಸಿ ಮುಗಿದು, "ನೀವ್ಯಾರಮ್ಮ? ನನ್ನ ಹೆಂಡ್ತಿ ಹೊರಗೆ ಇರ್ತಾಳೆ, ಒಸಿ ಕರೀತೀರಾ?" ಅಂದರು.

ಔಷಧದ ಮಂಪರು ಅಂದುಕೊಂಡೆವು. ಮಂಪರು ಇಳಿದ ಮೇಲೂ ಅದೇ ಮಾತು. ಅತ್ತಿಗೆ ಆಚೆ ಹೋದಾಗ ನನ್ನನ್ನು ಹತ್ತಿರ ಕರೆದು ಹೇಳಿದರು: "ಡೂಪ್ಲಿಕೇಟು ಕಣಲೇ. ಮೂಗುಬಟ್ಟು, ಕೆನ್ನೆ ಮ್ಯಾಲಿನ ಮಚ್ಚೆ, ನಡಿಗೆ, ಎಲ್ಲಾ ಕರೆಕ್ಟಾಗೈತೆ. ಅದಕ್ಕೇ ನಂಗೆ ಅನುಮಾನ. ಅಸಲಿ ಡಬ್ಬಿ ಇಷ್ಟು ನೀಟಾಗಿರಲ್ಲ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಚಳ್ಳಕೆರೆಯಲ್ಲಿ ಡೂಪ್ಲಿಕೇಟು ಹಿಡಿಯುವುದರಲ್ಲಿ ಹೆಸರಾದವರು, ಹಿಡಿಯಬಾರದ ಕಡೆ ಹಿಡಿದುಬಿಟ್ಟಿದ್ದರು.

ಮನೋರೋಗದ ಡಾಕ್ಟರೊಬ್ಬರು ಬಂದು ನೋಡಿದರು, ಒಳ್ಳೆಯವರು. ಇದು ಬಹಳ ಅಪರೂಪ ಅಂದರು. ಕಣ್ಣಿಗೆ ಮುಖ ಸರಿಯಾಗಿಯೇ ಕಾಣುತ್ತದೆ; ಆದರೆ ಆ ಮುಖ ಕಂಡ ಕೂಡಲೇ ನಮ್ಮವರು ಅಂತ ಒಳಗೆ ಏಳಬೇಕಾದದ್ದು ಏಳುವುದಿಲ್ಲ; ಆಗ ಮನಸ್ಸು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ, ಇವಳು ಅವಳಲ್ಲ, ಅವಳ ಥರ ಇರುವ ಇನ್ನೊಬ್ಬಳು ಅಂತ. ವಾದ ಮಾಡಬೇಡಿ, ಬೈಯಬೇಡಿ, ಮಾತ್ರೆ ಕೊಡಿ, ಕಾಯಿರಿ ಅಂದರು. ನನ್ನನ್ನು ಮಾತ್ರ ಹೇಗೆ ಗುರುತು ಹಿಡಿದರು ಅಂತ ಕೇಳಿದೆ. ಹೆಚ್ಚಾಗಿ ಬಹಳ ಹತ್ತಿರದವರ ವಿಷಯದಲ್ಲೇ ಹೀಗಾಗುವುದು ಅಂದರು. ಅಂದರೆ ನಾನು ಅಷ್ಟು ಹತ್ತಿರದವನಲ್ಲವೇ ಅಂತ ಒಂದು ಗಳಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಚಳ್ಳಕೆರೆಯ ಮನೆಗೆ ಬಂದ ಮೇಲೆ ಶುರುವಾದದ್ದನ್ನು ಊರು ಹುಚ್ಚು ಅಂತ ಕರೆಯಿತು. ನಾನು ಬೇರೆ ಹೆಸರು ಕೊಡುತ್ತೇನೆ. ಒಬ್ಬ ಗಂಡಸಿನ ಮನೆಯಲ್ಲಿ, ಅವನ ಹೆಂಡತಿ ಇಲ್ಲದಾಗ, ಪರಸ್ತ್ರೀಯೊಬ್ಬಳು ಬಂದು ಸೇರಿಕೊಂಡಿದ್ದಾಳೆ ಅಂತ ಅವನು ನಿಜವಾಗಿ ನಂಬಿದರೆ ಏನು ಮಾಡುತ್ತಾನೆ? ಹಾಗೆ ನಂಬಿದ ಕೆಲವರು ಹೊಡೆಯುತ್ತಾರೆ, ಕತ್ತಿ ಹಿಡಿಯುತ್ತಾರೆ ಅಂತಲೂ ಡಾಕ್ಟರು ಎಚ್ಚರಿಸಿದ್ದರು. ಡ್ರೈವರಣ್ಣ ತಮ್ಮ ಹಾಸಿಗೆ ಎತ್ತಿಕೊಂಡು ಜಗಲಿಗೆ ಬಂದರು. ಒಳಗೆ ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು ಎರಡು ಸಲ ಕೆಮ್ಮುವರು, ಒಳಗಿರುವ ಹೆಣ್ಣುಮಗಳು ಸೆರಗು ಸರಿಮಾಡಿಕೊಳ್ಳಲಿ ಅಂತ. "ಅಮ್ಮಾರೇ" ಅಂತ ಕರೆಯುವರು, "ನೀವು" ಅನ್ನುವರು. ಅತ್ತಿಗೆ ತಟ್ಟೆ ಹೊಸ್ತಿಲ ಹತ್ತಿರ ಇಟ್ಟು ಆಚೆ ಸರಿದ ಮೇಲೆ ಇವರು ತೆಗೆದುಕೊಂಡು ಜಗಲಿಯಲ್ಲಿ ಕೂತು ಉಣ್ಣುವರು. ತಟ್ಟೆ ತಾವೇ ತೊಳೆದಿಡುವರು. ಒಮ್ಮೆ ಅತ್ತಿಗೆಗೆ ಜ್ವರ ಬಂದಾಗ ಕುಂಟುತ್ತ ಪಕ್ಕದ ಮನೆಗೆ ಹೋಗಿ, ನಮ್ಮನೆಗೆ ಬಂದಿರೋ ಅಮ್ಮಾರಿಗೆ ಮೈ ಸರಿಯಿಲ್ಲ, ಹೆಂಗಸರು ಯಾರಾದ್ರೂ ಬಂದು ಜೊತೆಗಿರ್ರಿ ಅಂತ ಬೇಡಿಕೊಂಡರಂತೆ.

ನಾನು ಚಳ್ಳಕೆರೆಗೆ ಬಂದ ಸಂಜೆಯೆಲ್ಲ ಅವರ ಜಗಲಿಗೆ ಹೋಗುತ್ತಿದ್ದೆ. ಕೂರುವ ಮುಂಚೆಯೇ "ಸಿಕ್ಕಳಾ?" ಅಂತ ಕೇಳುವರು. ಪ್ರತಿ ಸ್ಟಾಪಿನಲ್ಲೂ ತಮ್ಮ ಹೆಂಡತಿಯನ್ನು ಹುಡುಕುವ ಕೆಲಸ ನನಗೆ ಒಪ್ಪಿಸಿದ್ದರು. ಇಲ್ಲ ಅಣ್ಣಾ ಅನ್ನುತ್ತಿದ್ದೆ. ಒಳಗೆ ಬಾಗಿಲ ಮರೆಯಲ್ಲಿ ಅತ್ತಿಗೆ ನಿಂತು ಅದನ್ನು ಕೇಳುತ್ತಿರುವರು. ಆ ಹೆಂಗಸು ಆ ದಿನಗಳಲ್ಲಿ ಮಾತೇ ಬಿಟ್ಟಿದ್ದರು. ಎದುರಿಗೆ ಹೋಗಿ ಏನಂದರೂ "ಆಗ್ಲಿ ಅಮ್ಮಾರೇ" ಅಂತ ಉತ್ತರ ಬರುವಾಗ ಮಾತಾಡುವುದಾದರೂ ಹೇಗೆ. ಒಂದೆರಡು ಸಲ ಅಡುಗೆಮನೆಯಲ್ಲಿ ಬೆಕ್ಕನ್ನೋ ಯಾರನ್ನೋ ಗದರಿದ್ದು ಜಗಲಿಗೆ ಕೇಳಿ, ಡ್ರೈವರಣ್ಣ ಧಡಕ್ಕನೆ ಎದ್ದು ಒಳಗೆ ಹೋಗಿ, ಪೆಚ್ಚು ಮುಖ ಮಾಡಿಕೊಂಡು ವಾಪಸು ಬಂದರು. ಬಂದಿದ್ಲು ಕಣಲೇ, ಅಷ್ಟರಾಗೆ ಎತ್ತ ಹೋದ್ಲು ಅಂದರು. ರೋಗ ಜಾಸ್ತಿಯಾಯಿತು ಅಂತ ನಾವು ತಿಳಿದೆವು.

ರಾಯದುರ್ಗದಿಂದ ಅತ್ತಿಗೆಯ ಅಣ್ಣ ಬಂದರು. ಕೆಟ್ಟವರಲ್ಲ, ತಂಗಿಯ ಸಂಕಟ ನೋಡಲಾರದೆ ಬಂದವರು. ಗಂಡನೇ ಹೆಂಡತಿಯಲ್ಲ ಅಂದಮೇಲೆ ಇಲ್ಲಿ ಯಾಕಿರಬೇಕು, ಕಟ್ಟಿಹಾಕಲು ಮಕ್ಕಳೂ ಇಲ್ಲ, ಕರೆದುಕೊಂಡು ಹೋಗುತ್ತೇನೆ ಅಂದರು. ಅತ್ತಿಗೆ ನನ್ನ ಕಡೆ ನೋಡಿ, "ನಾನು ಹೋದ್ರೆ ಹೆಂಡ್ತಿ ಬರ್ತಾಳೇನೋ ಅಂತ ಅವರು ಕಾಯಾದಾದ್ರೂ ತಪ್ಪುತ್ತಾ, ಕಂಡಕ್ಟ್ರಣ್ಣ?" ಅಂದರು. ಅಂತೂ ಹೊರಡುವುದು ಅಂತಾಯಿತು. ಹೋದರೆ ಮತ್ತೆ ಬರುವ ದಾರಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಅತ್ತಿಗೆಯ ಅಣ್ಣನನ್ನೂ ಡ್ರೈವರಣ್ಣ ಗುರುತು ಹಿಡಿಯಲಿಲ್ಲ. ಅಮ್ಮಾರ ಮನೆಯವರು ಅಂತ ತಿಳಿದು ನಿರಾಳವಾಗಿ ಕೈ ಹಿಡಿದುಕೊಂಡರು. ನೀವು ಎಷ್ಟು ಹುಡುಕಿರ್ತೀರೋ ಏನೋ, ನಮ್ಮನೆಯಾಗೆ ಏನೂ ಕೊರತೆ ಮಾಡಿಲ್ಲ ಅಂದರು. ಆಮೇಲೆ ನನ್ನನ್ನು ಪೇಟೆಗೆ ಅಟ್ಟಿ ಒಂದು ಕುಪ್ಪಸದ ಕಣ, ತೆಂಗಿನಕಾಯಿ, ಅರಿಶಿನ ಕುಂಕುಮ ತರಿಸಿದರು. ಪಕ್ಕದ ಮನೆಯ ಹೆಂಗಸನ್ನು ಕರೆದು, ಅಮ್ಮಾರಿಗೆ ಮಡಿಲು ತುಂಬ್ರಿ, ಹೆಣ್ಮಗಳನ್ನ ಬರಿಗೈಯಾಗೆ ಕಳಿಸಬಾರದು ಅಂದರು. ತಮ್ಮ ಗಂಡನ ಮನೆಯಲ್ಲೇ, ತಾವು ಅಡುಗೆ ಮಾಡಿದ ಮನೆಯಲ್ಲೇ, ಅತ್ತಿಗೆ ನೆಂಟರ ಥರ ನಿಂತು ಆ ಮಡಿಲು ತುಂಬಿಸಿಕೊಂಡರು. ಪಕ್ಕದ ಮನೆಯವಳು ಅತ್ತುಬಿಟ್ಟಳು. ಅಷ್ಟಕ್ಕೂ ಮುಗಿಯಲಿಲ್ಲ. ಮೊಳಕಾಲ್ಮುರಿನವರೆಗೆ ನಾನೂ ಬರ್ತೀನಿ, ನಮ್ಮ ಬಸ್ಸಿನಾಗೆ ಹತ್ತಿದೋರು ನಮ್ಮ ಜವಾಬ್ದಾರಿ ಅಂತ ಹಟ ಹಿಡಿದರು.

ಹೀಗೆ ಆ ದಿನ ನಾವೆಲ್ಲ ನಮ್ಮ ಬಸ್ಸನ್ನೇ ಹತ್ತಿದೆವು. ಅವರ ಜಾಗದಲ್ಲಿ ಓಡಿಸುತ್ತಿದ್ದವನು ಹೊಸ ಹುಡುಗ, ಹೆದರಿ ಬೆವರುತ್ತಿದ್ದ. ಡ್ರೈವರಣ್ಣ ಎಂಜಿನ್ ಪಕ್ಕದ ಕ್ಲೀನರ್ ಸೀಟಿನಲ್ಲಿ, ಮುಖ ರಸ್ತೆಯ ಕಡೆಗೆ. ಚಪ್ಪಲಿ ಬಿಟ್ಟೇ ಕೂತಿದ್ದರು. ಅತ್ತಿಗೆ ಯಾವತ್ತಿನ ಹಾಗೆ ಹೆಂಗಸರ ಸೀಟಿನ ಮೊದಲ ಸಾಲು, ಅಂದರೆ ಅವರ ಬೆನ್ನಿಗೆ. ಅತ್ತಿಗೆಯ ಅಣ್ಣ ಹಿಂದೆ ಎಲ್ಲೋ. ತಳಕು ಹೋಯಿತು, ಕೊಂಡ್ಲಹಳ್ಳಿ ಹೋಯಿತು, ಯಾರೂ ಮಾತಾಡಲಿಲ್ಲ. ಬಸ್ಸಿನಲ್ಲಿದ್ದ ಹಳೆಯ ಗಿರಾಕಿಗಳಿಗೂ ಸುದ್ದಿ ಗೊತ್ತಿತ್ತು.

ನಿದಾನಂ ತಿರುವು ಬಂತು. ಹೊಸ ಹುಡುಗ ಸ್ವಲ್ಪ ಜೋರಾಗಿಯೇ ತಿರುಗಿಸಿದ. ಅತ್ತಿಗೆಯ ಬಾಯಿಂದ, ಅವರಿಗೇ ಗೊತ್ತಿಲ್ಲದ ಹಾಗೆ, ಇಷ್ಟು ವರ್ಷದ ಅಭ್ಯಾಸ ಹೊರಗೆ ಬಿತ್ತು.

"ನಿದಾನಂ, ನಿದಾನಂ."

ಡ್ರೈವರಣ್ಣನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಮುಖ ಅರಳಿತು.

"ಏಮೇ," ಅಂದರು. "ಎಲ್ಲಿ ಹತ್ತಿದೆ ನೀನು?"

ಅಂದವರು ಹಿಂದಕ್ಕೆ ತಿರುಗುವುದರಲ್ಲಿದ್ದರು. ಅಷ್ಟರಲ್ಲಿ ತಿರುವಿನ ಆಚೆ ರಸ್ತೆ ತುಂಬ ಕುರಿ. ದೊಡ್ಡ ಹಿಂಡು. ನಾನು ಅಭ್ಯಾಸ ಬಲದಿಂದ "ಅಣ್ಣಾ, ಮುಂದೆ ನೋಡು, ಕುರಿ" ಅಂದೆ. ಎಷ್ಟಾದರೂ ಡ್ರೈವರು. ಕತ್ತು ತಟ್ಟನೆ ರಸ್ತೆಗೆ ತಿರುಗಿತು, ಬರಿಗಾಲು ಇಲ್ಲದ ಬ್ರೇಕನ್ನು ಒತ್ತಿತು. ಹುಡುಗ ಬಸ್ಸು ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಆ ಒಂದು ಗಳಿಗೆಯಲ್ಲಿ ನನಗೆ ಹೊಳೆಯಿತು. ಅಡುಗೆಮನೆಯ ದನಿ ಕೇಳಿ ಒಳಗೆ ಓಡಿದ್ದು, ಮುಖ ಕಂಡು ಪೆಚ್ಚಾಗಿ ಬಂದದ್ದು. ಮುಖ ಮಾತ್ರ ಡೂಪ್ಲಿಕೇಟು, ದನಿ ಅಸಲಿ. ಅತ್ತಿಗೆಯ ಕಡೆ ನೋಡಿ, ಮಾತಾಡ್ರಿ, ನಿಲ್ಲಿಸಬ್ಯಾಡ್ರಿ ಅಂತ ಕೈಸನ್ನೆ ಮಾಡಿದೆ. ಡ್ರೈವರಣ್ಣನ ಹೆಗಲ ಮೇಲೆ ಕೈಯಿಟ್ಟು, ಕುರಿ ದಾಟೋವರೆಗೂ ಮುಂದೆ ನೋಡಣ್ಣ, ಹುಡುಗ ಹೊಸಬ ಅಂದೆ.

"ಚಳ್ಳಕೆರೆಯಾಗೇ ಹತ್ತಿದೆ," ಅಂದರು ಅತ್ತಿಗೆ.

ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ ಕೇಳಿದರು. ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೆ ಅಂದರು ಅತ್ತಿಗೆ. ಕುರಿ ಒಂದೊಂದೇ ದಾಟುತ್ತಿದ್ದವು. ಡ್ರೈವರಣ್ಣ ರಸ್ತೆ ನೋಡುತ್ತಲೇ, ಮನೆಯ ಲೆಕ್ಕ ಒಪ್ಪಿಸುವವರಂತೆ ಮೆಲ್ಲಗೆ ಹೇಳತೊಡಗಿದರು.

"ಮನೆಯಾಗೆ ಒಬ್ರು ಅಮ್ಮಾರು ಬಂದಿದ್ರು ಕಣೇ. ನಿನ್ನ ಸೀರೆನೇ ಉಟ್ಕಂಡಿದ್ರು, ನೀನು ಏನೂ ಅನ್ನಬ್ಯಾಡ. ಪಾಪ, ಬಾಳ ಒಳ್ಳೇರು, ನನ್ನ ಚಾಕರಿ ಎಲ್ಲಾ ಮಾಡಿದ್ರು. ಇವತ್ತು ಅವರ ಊರಿಗೆ ಬಿಡಾಕೆ ಹೊಂಟೀನಿ. ನಾನು ಜಗಲಿ ಮ್ಯಾಲೇ ಮಲಗಿದ್ದು. ಒಂದಿನನೂ ಅವರ ಕಡೆ ಕಣ್ಣೆತ್ತಿ ನೋಡಿಲ್ಲ. ನೀನು ಬ್ಯಾರೆ ತಿಳೀಬ್ಯಾಡ."

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡರು. ಮುಂದಿನ ಸಾಲಿನ ಹೆಂಗಸರೆಲ್ಲ ಅಳುತ್ತಿದ್ದರು. ಕುರಿ ಕಾಯುವವನು ಕೊನೆಯ ಮರಿಯನ್ನು ಎತ್ತಿಕೊಂಡು ದಾಟಿದ ಮೇಲೂ ನಾನು ಸೀಟಿ ಊದಲಿಲ್ಲ. ಹುಡುಗನೂ ಎಂಜಿನ್ ಸ್ಟಾರ್ಟ್ ಮಾಡಲಿಲ್ಲ.

ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತಿಗೆಯ ಅಣ್ಣ ಬ್ಯಾಗು ಹಿಡಿದು ಹಿಂದಿನ ಬಾಗಿಲಿನಿಂದ ಇಳಿದು ಕೆಳಗೆ ನಿಂತರು. ಅತ್ತಿಗೆ ಏಳಲಿಲ್ಲ. ಅಣ್ಣ ಕೆಳಗಿನಿಂದ ತೆಲುಗಿನಲ್ಲಿ ಕರೆದರು. ಅತ್ತಿಗೆ ಕಿಟಕಿಯಿಂದ ಕೈ ಚಾಚಿ ಬ್ಯಾಗು ಈಸಿಕೊಂಡು, ನನ್ನ ಕಡೆ ತಿರುಗಿ, "ಚಳ್ಳಕೆರೆಗೆ ಒಂದು ಹರೀರಿ" ಅಂದರು. ಎಷ್ಟೋ ಸಾವಿರ ಟಿಕೆಟ್ ಹರಿದ ಕೈ ಇದು. ಆ ಒಂದು ಟಿಕೆಟನ್ನು ಹರಿದಷ್ಟು ಹೆಮ್ಮೆಯಿಂದ ಇನ್ನೊಂದನ್ನು ಹರಿದಿಲ್ಲ.

ಬಳ್ಳಾರಿಯ ಆ ಮನೋರೋಗದ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದರು. ಹೀಗೂ ಆಗುವುದುಂಟು, ಮುಖದ ದಾರಿ ಬೇರೆ, ದನಿಯ ದಾರಿ ಬೇರೆ, ಒಂದು ಮುಚ್ಚಿದ್ದರೆ ಇನ್ನೊಂದು ತೆರೆದಿರಬಹುದು ಅಂದರು. ಅಂದ್ರೆ ಡೈವರ್ಷನ್ ಅನ್ರಿ ಸಾರ್ ಅಂದೆ. ಅವರು ನಕ್ಕು, ಹೌದು, ಅದೇ ರೋಡಿನಲ್ಲಿ ಹೋಗಿ ಅಂದರು.

ಆಮೇಲೆ ಆ ಮನೆಯ ಜಗಲಿಯಲ್ಲಿ ಎರಡು ಕುರ್ಚಿ ಬಂದವು. ಪಕ್ಕಪಕ್ಕದಲ್ಲಲ್ಲ, ಒಂದರ ಹಿಂದೆ ಒಂದು. ಮುಂದಿನದರಲ್ಲಿ ಡ್ರೈವರಣ್ಣ, ಹಿಂದಿನದರಲ್ಲಿ ಅತ್ತಿಗೆ, ಇಬ್ಬರ ಮುಖವೂ ಬೀದಿಗೆ. ಸಂಜೆಯೆಲ್ಲ ಹಾಗೆ ಕೂತು ಮಾತಾಡುವರು, ಜಗಳವಾಡುವರು. ಹುಡುಗರು 'ಬಸ್ಸಿನ ಮನೆ' ಅಂತ ನಕ್ಕರು. ನಾನು ಹೋದರೆ ಅತ್ತಿಗೆಯ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ, ಕಂಡಕ್ಟರನ ಜಾಗ ಅದು ತಾನೇ.

ಪೂರ್ತಿ ವಾಸಿಯಾಯಿತೇ ಅಂತ ಕೇಳುತ್ತಾರೆ. ಇಲ್ಲ. ಮಾತ್ರೆಗಳಿಂದ, ಕಾಲದಿಂದ ಕೆಲವು ದಿನ ಮುಖವೂ ಅವಳದೇ ಆಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ. ಅತ್ತಿಗೆ ಅದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದರು. ಹೊಸ್ತಿಲಲ್ಲಿ ಕೆಮ್ಮಿದರೆ ಆ ದಿನ ತಾವು ಅಮ್ಮಾರು. ತಲೆ ಮೇಲೆ ಸೆರಗು ಹೊದ್ದು, ಬರ್ರಿ ಅನ್ನುವರು, ತಟ್ಟೆ ಹೊಸ್ತಿಲಲ್ಲಿಟ್ಟು ಸರಿಯುವರು. ಕೆಮ್ಮದೆ ನುಗ್ಗಿದರೆ ಏಮೇ. ಕಾಲು ತೊಳ್ಕಂಡು ಬಾರಯ್ಯಾ ಅಂತ ಗದರುವರು. ಸಂಜೆಯಾದರೆ ಎರಡೂ ಥರದ ದಿನವೂ ಕುರ್ಚಿಗೆ ಬಂದು ಒಂದಾಗುತ್ತಿತ್ತು. ವರ್ಷಗಟ್ಟಲೆ ಹೀಗೆ ಸಂಸಾರ ನಡೆಯಿತು. ನಡೆಸಿದವರು ಇಬ್ಬರೂ. ನನಗೆ ಗೊತ್ತಿರುವ ಸಂಸಾರಗಳಲ್ಲಿ ಇದಕ್ಕಿಂತ ಮರ್ಯಾದೆಯದ್ದನ್ನು ನಾನು ಕಂಡಿಲ್ಲ, ನನ್ನದೂ ಸೇರಿಸಿ.

ಡ್ರೈವರಣ್ಣ ತೀರಿಕೊಂಡದ್ದು ಆ ಮುಂದಿನ ಕುರ್ಚಿಯಲ್ಲೇ. ಬೀದಿ ನೋಡುತ್ತಿದ್ದರು. ಹಿಂದಿನಿಂದ ಅತ್ತಿಗೆ ಏನೋ ಕೇಳಿದರು, ಉತ್ತರ ಬರಲಿಲ್ಲ.

ತಿಥಿಯ ದಿನ ಊಟ ಮುಗಿದ ಮೇಲೆ ಅತ್ತಿಗೆಯ ಅಣ್ಣ, ಈಗ ಅವರೂ ಮುದುಕರು, ತಂಗಿಯ ಪಕ್ಕ ಕೂತು ನಿಟ್ಟುಸಿರು ಬಿಟ್ಟರು. ಆವತ್ತೇ ನನ್ನ ಜೊತೆ ಇಳಿದಿದ್ದರೆ ಚೆನ್ನಾಗಿತ್ತು, ಗುರುತು ಹಿಡಿಯದವನ ಜೊತೆ ಆಯುಷ್ಯ ಕಳೆದೆ, ನಿನಗೆ ಏನು ಸಿಕ್ಕಿತು ಅಂದರು. ನನಗೂ ಕೇಳಿಸಲಿ ಅಂತಲೋ ಏನೋ, ಅತ್ತಿಗೆ ಉತ್ತರವನ್ನು ಕನ್ನಡದಲ್ಲೇ ಕೊಟ್ಟರು.

"ತಾನಿಲ್ಲದಾಗ ಗಂಡ ಬ್ಯಾರೆ ಹೆಂಗಸಿನ ಮುಂದೆ ಹೆಂಗಿರ್ತಾನೆ ಅಂತ ಯಾವ ಹೆಂಡ್ತಿಗೂ ಗೊತ್ತಾಗಲ್ಲ, ಅಣ್ಣಯ್ಯ. ನಂಗೆ ಗೊತ್ತೈತೆ. ಆ ಬ್ಯಾರೆ ಹೆಂಗಸು ನಾನೇ ಆಗಿದ್ದೆ."